ಯಾರಿಗೂ ಬೇಡವಾದ ಎರಡನೆಯ ಭಾಗ

1956ರ ಅಕ್ಟೋಬರ್. ಕಲ್ಕತ್ತೆಯಲ್ಲಿ ದುರ್ಗಾಪೂಜೆಯ ಸಡಗರ. ಹಿಂದಿನ ವರ್ಷ ‘ಪಥೇರ್ ಪಾಂಚಾಲಿ’ ನೋಡಿ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಿದ್ದ ಜನ ಅದೇ ನಿರ್ದೇಶಕನ ಎರಡನೆಯ ಚಿತ್ರಕ್ಕೆ ಟಿಕೆಟ್ ಕೊಂಡು ಒಳಹೋದರು. ಅಕ್ಕ ದುರ್ಗಾಳನ್ನು ಮಳೆಗಾಲದ ಜ್ವರಕ್ಕೆ ಕಳೆದುಕೊಂಡ ಪುಟ್ಟ ಅಪು, ಅವನ ಅಪ್ಪ ಹರಿಹರ, ಅಮ್ಮ ಸರ್ವಜಯಾ ಮೂವರೂ ಹಳ್ಳಿಯ ಮುರುಕು ಮನೆಗೆ ಬೆನ್ನು ಹಾಕಿ ಎತ್ತಿನ ಗಾಡಿಯಲ್ಲಿ ಕಾಶಿಯ ದಾರಿ ಹಿಡಿದಿದ್ದರಲ್ಲ, ಮುಂದೇನಾಯಿತು ಎಂಬ ಕುತೂಹಲ ಎಲ್ಲರಿಗೂ ಇತ್ತು. ಆ ಮುಂದಿನ ಕಥೆಯೇ ‘ಅಪರಾಜಿತೋ’.

ನೋಡಿದವರ ಮುಖ ಗಂಟಿಕ್ಕಿತು. ಕಥೆ ಅರ್ಥವಾಗಲಿಲ್ಲ ಎಂದಲ್ಲ, ಅರ್ಥವಾದದ್ದೇ ತೊಂದರೆಯಾಯಿತು. ತಾಯಿ ಹಳ್ಳಿಯಲ್ಲಿ ಒಂಟಿಯಾಗಿ ಕಾಯುತ್ತಿದ್ದಾಳೆ. ಪಟ್ಟಣಕ್ಕೆ ಓದಲು ಹೋದ ಮಗನಿಗೆ ಊರಿಗೆ ಬರಲು ಬೇಸರ. ಬಂದರೂ ನಿದ್ದೆ, ಆಕಳಿಕೆ. ಇಂಥ ಮಗನೂ ಉಂಟೆ? ಉಂಟೇ ಇದ್ದರೂ ಅವನನ್ನು ದುಡ್ಡು ಕೊಟ್ಟು ನೋಡಬೇಕೆ? ಬಂಗಾಳದ ಪ್ರೇಕ್ಷಕರು ಬೇಡವೆಂದರು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ನೆಲಕಚ್ಚಿತು. ಸತ್ಯಜಿತ್ ರಾಯ್ ಅಪುವಿನ ಕಥೆಯನ್ನು ಅಲ್ಲಿಗೇ ಬಿಟ್ಟು ಬೇರೆ ಎರಡು ಚಿತ್ರಗಳತ್ತ ಹೊರಳಿದರು.

ಜನ ಒಪ್ಪದ ‘ಎರಡನೆಯ ಭಾಗ’ಗಳ ಪರವಾಗಿ ವಕಾಲತ್ತು ವಹಿಸಬೇಕೆಂದು ಬಹಳ ದಿನದಿಂದ ನನ್ನ ಮನಸ್ಸಿನಲ್ಲಿತ್ತು. ವಕಾಲತ್ತಿಗೆ ಕುಳಿತಾಗ ಮೊದಲು ನೆನಪಾದ ಕಕ್ಷಿದಾರ ಇವನೇ, ಅಪು.

ತಾತ್ಸಾರ ಏಕೆ?

ಎರಡನೆಯ ಭಾಗವೆಂದರೆ ನಮಗೆ ಒಂದು ಬಗೆಯ ತಾತ್ಸಾರ. ನಿನ್ನೆಯ ಸಾರಿಗೆ ಇಂದು ನೀರು ಬೆರೆಸಿ ಕುದಿಸಿದ್ದಾರೆ ಎಂಬ ಗುಮಾನಿ. ಈ ಗುಮಾನಿ ಸುಳ್ಳೇನಲ್ಲ. 1975ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ‘ಜಾಸ್’ ತೆಗೆದ. ಅದರ ನಾಲ್ಕನೆಯ ಕಂತು 1987ರಲ್ಲಿ ಬಂತು. ಅದರಲ್ಲಿ ಒಂದು ಶಾರ್ಕ್ ಮೀನು ಒಂದು ಕುಟುಂಬದ ಮೇಲೆ ಹಗೆ ಸಾಧಿಸಲೆಂದು ಅಮೆರಿಕದ ತೀರದಿಂದ ಬಹಾಮಾ ದ್ವೀಪಗಳವರೆಗೂ ಅವರ ಬೆನ್ನು ಹತ್ತುತ್ತದೆ! ನಾಗರಹಾವಿಗೆ ಹನ್ನೆರಡು ವರ್ಷದ ದ್ವೇಷ ಎಂದು ನಂಬುವ ನಾವೂ ಇದನ್ನು ನಂಬಲಾರೆವು. ಇಂಥದ್ದರ ಪರ ವಾದಿಸುವಷ್ಟು ಗಟ್ಟಿ ಗಂಟಲು ನನಗಿಲ್ಲ.

ಆದರೆ ಮುಂದುವರಿದ ಕಥೆಗಳಲ್ಲಿ ಎರಡು ಜಾತಿ ಇವೆ. ಒಂದರಲ್ಲಿ ನಾಯಕ ಮೊದಲಿದ್ದಂತೆಯೇ ಮರಳಿ ಬರುತ್ತಾನೆ. ನಮ್ಮ ರಾಜಕುಮಾರರ ಸಿ.ಐ.ಡಿ. 999 ಇದ್ದಾನಲ್ಲ, 1968ರ ‘ಜೇಡರ ಬಲೆ’ಯಿಂದ ಹಿಡಿದು ‘ಗೋವಾದಲ್ಲಿ ಸಿ.ಐ.ಡಿ. 999’ ದಾಟಿ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ, ಅವನು ಈ ಜಾತಿಯವನು. ಹತ್ತು ವರ್ಷ ಕಳೆದರೂ ಅದೇ ಠೀವಿ, ಅದೇ ಪಿಸ್ತೂಲು, ಅದೇ ಮುಗುಳುನಗೆ. ಜನ ಚಪ್ಪಾಳೆ ತಟ್ಟಿದರು, ತಟ್ಟಬೇಕಾದದ್ದೇ. ಹಬ್ಬಕ್ಕೆ ಹೋಳಿಗೆ ಬೇಕು ಎಂದವನಿಗೆ ಪ್ರತಿ ವರ್ಷವೂ ಹೋಳಿಗೆಯನ್ನೇ ಬಡಿಸಬೇಕು.

ಇನ್ನೊಂದು ಜಾತಿಯಲ್ಲಿ, ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ನಡುವೆ ಕಾಲ ಎಂಬುದು ನಿಜವಾಗಿಯೂ ಕಳೆದಿರುತ್ತದೆ. ಮಗು ಬೆಳೆದಿರುತ್ತದೆ. ಮುದ್ದು ಕಡಿಮೆಯಾಗಿ ಮೀಸೆ ಚಿಗುರಿರುತ್ತದೆ. ಮೊದಲ ಚಿತ್ರದಲ್ಲಿ ನಾವು ಪ್ರೀತಿಸಿದ್ದು ಈಗ ಅಲ್ಲಿ ಇರುವುದಿಲ್ಲ. ಜನರ ಸಿಟ್ಟು ಹೆಚ್ಚಾಗಿ ಬೀಳುವುದು ಈ ಜಾತಿಯ ಮೇಲೆ. ಮನೆಯಲ್ಲೂ ಹಾಗೆಯೇ ತಾನೆ? ಐದನೇ ತರಗತಿಯ ಮಗನ ಫೋಟೋ ಗೋಡೆಯ ಮೇಲೆ ತೂಗುಹಾಕಿರುತ್ತೇವೆ. ಪಿಯುಸಿ ಓದುವ ಅದೇ ಮಗ ಊಟದ ತಟ್ಟೆಯ ಮುಂದೆ ಮುಖ ಸಿಂಡರಿಸಿ ಕುಳಿತಾಗ, ಫೋಟೋದಲ್ಲಿರುವ ಹುಡುಗ ಎಲ್ಲಿ ಹೋದ ಎಂದು ಹುಡುಕುತ್ತೇವೆ.

ಕಾಶಿಯಿಂದ ಕಲ್ಕತ್ತೆಗೆ

‘ಅಪರಾಜಿತೋ’ ಶುರುವಾಗುವುದು ಕಾಶಿಯ ಘಟ್ಟಗಳಲ್ಲಿ. ಹರಿಹರ ಗಂಗೆಯ ಮೆಟ್ಟಿಲ ಮೇಲೆ ಕುಳಿತು ಪುರಾಣ ಓದಿ ನಾಲ್ಕು ಕಾಸು ಸಂಪಾದಿಸುತ್ತಾನೆ. ಹತ್ತು ವರ್ಷದ ಅಪು ಗಲ್ಲಿಗಳಲ್ಲಿ, ಮಂಗಗಳ ನಡುವೆ, ಬಣ್ಣಬಣ್ಣದ ಜನರ ನಡುವೆ ಅಲೆಯುತ್ತಾನೆ. ದೀಪಾವಳಿಯ ಹೊತ್ತಿಗೆ ಅಪ್ಪನಿಗೆ ಜ್ವರ. ಒಂದು ಬೆಳಗಿನ ಜಾವ ಅಪು ಓಡಿಹೋಗಿ ತಂದ ಗಂಗೆಯ ನೀರು ಗಂಟಲಿಗಿಳಿಯುತ್ತಿದ್ದಂತೆ ಹರಿಹರನ ತಲೆ ವಾಲುತ್ತದೆ, ಅದೇ ಕ್ಷಣಕ್ಕೆ ಘಟ್ಟದ ಮೇಲಿನ ಪಾರಿವಾಳಗಳ ಹಿಂಡು ಒಟ್ಟಿಗೇ ರೆಕ್ಕೆ ಬಡಿದು ಆಕಾಶಕ್ಕೇರುತ್ತದೆ. ಅಳುವ ಮುಖಗಳಿಲ್ಲ, ಎದೆ ಬಡಿದುಕೊಳ್ಳುವವರಿಲ್ಲ. ರವಿಶಂಕರರ ಸಂಗೀತ ಮತ್ತು ಹಕ್ಕಿಗಳು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಾಶಿಯ ಆ ಮನೆ ಕಾಶಿಯದಲ್ಲ. ನಡುವೆ ತೆರೆದ ಅಂಗಳವಿರುವ, ಮೇಲಿನಿಂದ ಮಾತ್ರ ಬೆಳಕು ಇಳಿಯುವ ಹಳೆಯ ಮನೆಯೊಂದನ್ನು ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದರು. ಆದರೆ ಸ್ಟುಡಿಯೋದ ದೀಪಗಳು ನೇರವಾಗಿ ಬಿದ್ದು ಕಪ್ಪು ಕಪ್ಪು ನೆರಳು ಎಬ್ಬಿಸುತ್ತವೆ. ಅಂಗಳದ ಬೆಳಕು ಹಾಗಿರುವುದಿಲ್ಲ, ಅದು ಎಲ್ಲ ಕಡೆಯಿಂದಲೂ ಮೆತ್ತಗೆ ಬರುತ್ತದೆ. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿಯ ಬಟ್ಟೆ ಬಿಗಿದು, ದೀಪಗಳ ಬೆಳಕನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಪುಟಿದು ಕೆಳಗಿಳಿಯುವಂತೆ ಮಾಡಿದ. ನಿಜವಾದ ಕಾಶಿಯ ದೃಶ್ಯ ಎಲ್ಲಿ ಮುಗಿಯಿತು, ಸ್ಟುಡಿಯೋ ಎಲ್ಲಿ ಶುರುವಾಯಿತು ಎಂದು ಕಂಡುಹಿಡಿಯುವುದು ಇಂದಿಗೂ ಕಷ್ಟ. ಪುಟಿದ ಬೆಳಕಿನ ಈ ವಿಧಾನ ಮುಂದೆ ಛಾಯಾಗ್ರಹಣ ಕಲಿಯುವವರ ಬಾಲಪಾಠವಾಯಿತು. ಭೌತಶಾಸ್ತ್ರದ ಪ್ರತಿಫಲನದ ಅಧ್ಯಾಯವನ್ನು ಉರು ಹೊಡೆಯುತ್ತಿರುವ ವಿದ್ಯಾರ್ಥಿಗಳು ಒಮ್ಮೆ ಆ ದೃಶ್ಯಗಳನ್ನು ನೋಡಬೇಕು. ಇಷ್ಟೆಲ್ಲ ಆದದ್ದು ‘ಸೋತ’ ಚಿತ್ರದಲ್ಲಿ!

ಗಂಡ ಸತ್ತ ಮೇಲೆ ಸರ್ವಜಯಾ ಸಿರಿವಂತರ ಮನೆಯಲ್ಲಿ ಅಡಿಗೆಯವಳಾಗುತ್ತಾಳೆ. ಒಂದು ದಿನ ಮಗ ಆ ಮನೆಯ ಯಜಮಾನನ ಸಣ್ಣಪುಟ್ಟ ಚಾಕರಿ ಮಾಡುವುದನ್ನು ಮೆಟ್ಟಿಲ ಮೇಲಿನಿಂದ ನೋಡುತ್ತಾಳೆ. ಏನೂ ಮಾತಾಡುವುದಿಲ್ಲ. ಮುಂದಿನ ದೃಶ್ಯದಲ್ಲಿ ರೈಲು ಓಡುತ್ತಿದೆ, ಕಿಟಕಿಯಾಚೆ ಬಂಗಾಳದ ಹಸಿರು ಮೂಡುತ್ತಿದೆ. ಮಗ ಇನ್ನೊಬ್ಬರ ಮನೆಯ ಆಳಾಗಬಾರದೆಂದು ಆಕೆ ಚಿಕ್ಕಪ್ಪನ ಹಳ್ಳಿಗೆ ಹೊರಟಿದ್ದಾಳೆ. ಅಲ್ಲಿ ಅವನು ಪೌರೋಹಿತ್ಯ ಕಲಿತರೆ ಎರಡು ಹೊತ್ತಿನ ಊಟಕ್ಕೆ ಮೋಸವಿಲ್ಲ ಎಂಬುದು ಆಕೆಯ ಲೆಕ್ಕ.

ಲೆಕ್ಕ ತಪ್ಪುವುದು ಶಾಲೆಯಿಂದ. ಹಳ್ಳಿಯ ಹುಡುಗರು ಶಾಲೆಗೆ ಓಡುವುದನ್ನು ಕಂಡ ಅಪು ತಾನೂ ಹೋಗುತ್ತೇನೆಂದು ಹಟ ಹಿಡಿಯುತ್ತಾನೆ. ಬೆಳಿಗ್ಗೆ ಪೂಜೆ, ಆಮೇಲೆ ಪಾಠ. ಇನ್‌ಸ್ಪೆಕ್ಟರರ ಮುಂದೆ ಗಟ್ಟಿ ದನಿಯಲ್ಲಿ ಪದ್ಯ ಓದಿ ಭೇಷ್ ಎನಿಸಿಕೊಳ್ಳುತ್ತಾನೆ. ಮುಖ್ಯೋಪಾಧ್ಯಾಯರು ಅವನ ಕೈಗೆ ಒಂದಷ್ಟು ಪುಸ್ತಕ ಇಡುತ್ತಾರೆ. ಲಿವಿಂಗ್‌ಸ್ಟನ್ ಹೋದ ಆಫ್ರಿಕಾ, ಗ್ರಹ, ನಕ್ಷತ್ರ, ಹೀಗೆ. ಮಾರನೆಯ ದಿನ ಅಪು ಮೈಗೆ ಮಸಿ ಬಳಿದುಕೊಂಡು ಈಟಿ ಹಿಡಿದು ‘ಆಫ್ರಿಕಾ!’ ಎಂದು ಕೂಗುತ್ತಾ ಹೊಲದಲ್ಲಿ ಓಡುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಹತ್ತು ಸೆಕೆಂಡು ಅದು. ಒಳ್ಳೆಯ ಮೇಷ್ಟರೊಬ್ಬರು ಹುಡುಗನೊಬ್ಬನಿಗೆ ಏನು ಮಾಡಬಲ್ಲರು ಎಂಬುದನ್ನು ಶಿಕ್ಷಣ ಇಲಾಖೆಯ ಯಾವ ವರದಿಯೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಒಂದು ಗೋಳ, ಒಂದು ಪೆಟ್ಟು

ಅಪು ಜಿಲ್ಲೆಗೇ ಎರಡನೆಯವನಾಗಿ ಪಾಸಾಗುತ್ತಾನೆ. ತಿಂಗಳಿಗೆ 10 ರೂಪಾಯಿ ವಿದ್ಯಾರ್ಥಿವೇತನ. ಕಲ್ಕತ್ತೆಗೆ ಹೋಗಿ ಓದಬಹುದು. ಮೇಷ್ಟರು ಕೊಟ್ಟ ಭೂಗೋಳವೊಂದನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಓಡಿಬರುತ್ತಾನೆ. ಇದು ನಮ್ಮ ಭೂಮಿ, ಇದು ಕಲ್ಕತ್ತೆ ಎಂದು ಅಮ್ಮನಿಗೆ ತೋರಿಸುತ್ತಾನೆ. ಅಮ್ಮನಿಗೆ ಕಾಣುವುದು ಅದಲ್ಲ. ನೀನು ಹೋದರೆ ನನ್ನನ್ನು ನೋಡಿಕೊಳ್ಳುವವರು ಯಾರು ಎಂಬುದೇ ಅವಳ ಪ್ರಶ್ನೆ. ಮಾತಿಗೆ ಮಾತು ಬೆಳೆದು ಅವಳು ಮಗನ ಕೆನ್ನೆಗೆ ಹೊಡೆಯುತ್ತಾಳೆ. ಅವನು ಹೊರಗೆ ಓಡುತ್ತಾನೆ. ಸ್ವಲ್ಪ ಹೊತ್ತಿಗೆ ಅವಳೇ ಹೋಗಿ ಕರೆತಂದು, ತಾನು ಕೂಡಿಟ್ಟ ಹಣ ತೆಗೆದು ತೋರಿಸುತ್ತಾಳೆ. ಆ ಹಣದಿಂದಲೇ ಅವನು ಹೋಗುತ್ತಾನೆ.

ಇದನ್ನು ಓದುತ್ತಿರುವ ತಾಯ್ತಂದೆಗಳಲ್ಲಿ ಎಷ್ಟೋ ಜನ ಈ ಎರಡೂ ಕೆಲಸವನ್ನು ಒಂದೇ ದಿನ ಮಾಡಿರುತ್ತೀರಿ. ಹೋಗಬೇಡ ಎಂದಿರುತ್ತೀರಿ, ಆಮೇಲೆ ಫೀಸು ಕಟ್ಟಿರುತ್ತೀರಿ.

ಕಲ್ಕತ್ತೆಯಲ್ಲಿ ಅಪು ಹಗಲು ಕಾಲೇಜು, ರಾತ್ರಿ ಛಾಪಖಾನೆಯಲ್ಲಿ ಕೆಲಸ. ತರಗತಿಯಲ್ಲಿ ತೂಕಡಿಸಿ ಹೊರಹಾಕಿಸಿಕೊಳ್ಳುತ್ತಾನೆ. ಆದರೂ ಅವನ ಮುಖದಲ್ಲಿ ಹಳ್ಳಿಯಲ್ಲಿ ಇಲ್ಲದ ಒಂದು ಕಳೆ. ಅವನ ಕೋಣೆಗೆ ಕರೆಂಟಿದೆ! ರಜೆಗೆ ಊರಿಗೆ ಬರುತ್ತಾನೆ. ರಾತ್ರಿ ಊಟವಾದ ಮೇಲೆ ಹಾಸಿಗೆಯಲ್ಲಿ ಪುಸ್ತಕ ಹಿಡಿದು ಮಲಗಿದ್ದಾನೆ. ಪಕ್ಕದಲ್ಲಿ ಅಮ್ಮ ಕೈಗೆಲಸ ಮಾಡುತ್ತಾ ಮಾತಾಡುತ್ತಿದ್ದಾಳೆ. ನೀನು ದುಡಿಯಲು ಶುರುಮಾಡಿದ ಮೇಲೆ ನನ್ನನ್ನು ಕರೆದುಕೊಂಡು ಹೋಗುತ್ತೀಯಾ, ನನಗೆ ದೊಡ್ಡ ಕಾಯಿಲೆ ಬಂದರೆ ನಿನ್ನ ಸಂಪಾದನೆಯಲ್ಲಿ ಔಷಧಿ ಕೊಡಿಸುತ್ತೀಯಾ ಎಂದು ಹಿಂಜರಿಯುತ್ತಾ ಕೇಳುತ್ತಾಳೆ. ಉತ್ತರವಿಲ್ಲ. ತಿರುಗಿ ನೋಡಿದರೆ ಮಗ ನಿದ್ದೆಹೋಗಿದ್ದಾನೆ.

ಕಲ್ಕತ್ತೆಯ ಪ್ರೇಕ್ಷಕರು ಕ್ಷಮಿಸದೆ ಹೋದದ್ದು ಇಂಥ ದೃಶ್ಯಗಳನ್ನು. ಸಿನಿಮಾದ ಮಗ ಅಮ್ಮನ ಮಾತಿಗೆ ನಿದ್ದೆ ಮಾಡುವುದಿಲ್ಲ. ಕಾಲು ಹಿಡಿಯುತ್ತಾನೆ, ಹಾಡು ಹೇಳುತ್ತಾನೆ. ಅಪು ಕೆಟ್ಟವನಾಗಿದ್ದರೆ ಜನರಿಗೆ ಸುಲಭವಾಗುತ್ತಿತ್ತು. ಕುಡಿದಿದ್ದರೆ, ಜೂಜಾಡಿದ್ದರೆ, ಕೊನೆಯಲ್ಲಿ ಪಶ್ಚಾತ್ತಾಪಪಟ್ಟಿದ್ದರೆ ಕರವಸ್ತ್ರಗಳು ಹೊರಬರುತ್ತಿದ್ದವು. ಅವನು ಮಾಡಿದ್ದು ಓದುವುದು, ದಣಿಯುವುದು, ಮಲಗುವುದು ಅಷ್ಟೇ.

ಇದನ್ನು ರಾಯ್ ಹಟದಿಂದ ಹುಟ್ಟಿಸಿದ್ದೂ ಅಲ್ಲ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯಲ್ಲೇ ಅದರ ಬೀಜವಿದೆ. ತಾಯಿ ಸತ್ತ ಸುದ್ದಿ ತಿಳಿದಾಗ ಅಪುವಿನಲ್ಲಿ ಮೊದಲು ಎದ್ದದ್ದು ದುಃಖವಲ್ಲ, ಬಿಡುಗಡೆಯಾದಂಥ ಒಂದು ವಿಚಿತ್ರ ನಿರಾಳ ಎಂಬರ್ಥದ ಮಾತು ಅಲ್ಲಿದೆ. ಓದಿದ ರಾಯ್ ಬೆಚ್ಚಿದರು, ಮತ್ತು ಆ ಮಾತಿಗಾಗಿಯೇ ಚಿತ್ರ ಮಾಡಬೇಕೆಂದುಕೊಂಡರು. ಕಾದಂಬರಿಯಲ್ಲಿ ಅಪುವಿಗೆ ಲೀಲಾ ಎಂಬ ಗೆಳತಿಯೂ ಇದ್ದಾಳೆ. ಚಿತ್ರದಲ್ಲಿ ಅವಳು ಕೈಬಿಟ್ಟುಹೋದಳು. ಹಾಗಾಗಿ ಮಗನನ್ನು ಸೆಳೆದದ್ದು ಹೆಣ್ಣು ಎಂದು ಹೇಳುವ ಅನುಕೂಲವೂ ಪ್ರೇಕ್ಷಕರಿಗೆ ಸಿಗಲಿಲ್ಲ. ಉಳಿದದ್ದು ಪುಸ್ತಕ, ನಗರ ಮತ್ತು ಹದಿನೇಳು ವರ್ಷದ ವಯಸ್ಸು.

ಕೊನೆಗೆ ಸರ್ವಜಯಾ ಕಾಯಿಲೆ ಬೀಳುತ್ತಾಳೆ. ಮಗನಿಗೆ ತಿಳಿಸುವುದು ಬೇಡ, ಅವನಿಗೆ ಪರೀಕ್ಷೆ ಎನ್ನುತ್ತಾಳೆ. ಮರದ ಬುಡದಲ್ಲಿ ಕುಳಿತು ದೂರದ ರೈಲಿನ ಸದ್ದಿಗೆ ಕಿವಿಗೊಡುತ್ತಾಳೆ. ‘ಪಥೇರ್ ಪಾಂಚಾಲಿ’ಯಲ್ಲಿ ಬಿಳಿ ಹೂವಿನ ಹುಲ್ಲುಗಾವಲು ದಾಟಿ ಅಪು, ದುರ್ಗಾ ಬೆರಗಿನಿಂದ ನೋಡಿದ ಅದೇ ರೈಲು ಈಗ ಮಗನನ್ನು ಒಯ್ಯುವ ಸದ್ದಾಗಿದೆ. ಒಂದು ಸಂಜೆ ಅವಳಿಗೆ ಅಪು ಕರೆದಂತಾಗುತ್ತದೆ. ಬಾಗಿಲಿಗೆ ಬಂದು ನೋಡಿದರೆ ಕೊಳದ ಮೇಲೆ ಮಿಂಚುಹುಳಗಳು. ನೆರೆಯವರಿಂದ ಕಾಗದ ಹೋಗಿ ಅಪು ಬರುವ ಹೊತ್ತಿಗೆ ಮನೆ ಖಾಲಿ. ಅಳುತ್ತಾನೆ, ಹೊಟ್ಟೆ ತುಂಬ ಅಳುತ್ತಾನೆ. ಇಲ್ಲೇ ಇದ್ದು ಪೌರೋಹಿತ್ಯ ಮಾಡು ಎನ್ನುತ್ತಾನೆ ಮುದುಕ. ಇಲ್ಲ, ಪರೀಕ್ಷೆ ಇದೆ, ಕಾಳೀಘಾಟಿನಲ್ಲಿ ಕರ್ಮ ಮಾಡುತ್ತೇನೆ ಎಂದು ಹೇಳಿ ಅಪು ಗಂಟು ಎತ್ತಿಕೊಂಡು ಹೊರಡುತ್ತಾನೆ.

ಸರ್ವಜಯಾ ಆದ ಕರುಣಾ ಬಂದ್ಯೋಪಾಧ್ಯಾಯರ ಬಗ್ಗೆಯೇ ಒಂದು ಲೇಖನ ಬರೆಯಬಹುದು. ಆ ಪಾತ್ರಕ್ಕೆ ಬ್ರಿಟಿಷ್ ಅಕಾಡೆಮಿ ಅವರ ಹೆಸರನ್ನು ವಿದೇಶಿ ನಟಿಯರ ಪಟ್ಟಿಯಲ್ಲಿ ಸೂಚಿಸಿತ್ತು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು?

ಹಂದಿಮರಿಯ ಅಪರಾಧ

ಇದು ಬಂಗಾಳದ ಜನರಿಗೆ ಮಾತ್ರ ಅಂಟಿದ ರೋಗವಲ್ಲ. ಮಕ್ಕಳಿರುವ ಮನೆಗಳಲ್ಲಿ ‘ಬೇಬ್’ ಚಿತ್ರವನ್ನು ಬಹಳ ಜನ ನೋಡಿರಬಹುದು. ಕುರಿ ಕಾಯುವ ನಾಯಿಯ ಕೆಲಸವನ್ನು ಕಲಿತ ಹಂದಿಮರಿಯ ಕಥೆ, 1995ರದ್ದು. ಆಸ್ಕರ್‌ನ ಅತ್ಯುತ್ತಮ ಚಿತ್ರದ ಪಟ್ಟಿಯವರೆಗೂ ಹೋಗಿತ್ತು. 1998ರಲ್ಲಿ ಅದರ ಎರಡನೆಯ ಭಾಗ ಬಂತು, ‘ಬೇಬ್: ಪಿಗ್ ಇನ್ ದಿ ಸಿಟಿ’. ನಿರ್ದೇಶಿಸಿದವನು ಮೊದಲ ಚಿತ್ರದ ನಿರ್ಮಾಪಕರಲ್ಲೊಬ್ಬನಾದ ಜಾರ್ಜ್ ಮಿಲ್ಲರ್. ಹಾಕಿದ ಬಂಡವಾಳವೂ ಹುಟ್ಟಲಿಲ್ಲ.

ಹೆತ್ತವರ ದೂರು: ಚಿತ್ರ ತೀರಾ ಕತ್ತಲು, ಮಕ್ಕಳು ಹೆದರುತ್ತಾರೆ. ದೂರಿನಲ್ಲಿ ಸತ್ಯವಿದೆ. ಶುರುವಿನಲ್ಲೇ ಹಂದಿಮರಿಯ ಅಚಾತುರ್ಯದಿಂದ ಯಜಮಾನ ಬಾವಿಯಲ್ಲಿ ಬಿದ್ದು ಪೆಟ್ಟು ತಿನ್ನುತ್ತಾನೆ. ಹೊಲಮನೆ ಕೈತಪ್ಪುವ ಸ್ಥಿತಿ. ಯಜಮಾನಿ ಹಂದಿಮರಿಯನ್ನು ಕಟ್ಟಿಕೊಂಡು ಮಹಾನಗರಕ್ಕೆ ಹೋಗುತ್ತಾಳೆ. ಐಫೆಲ್ ಗೋಪುರ, ಸಿಡ್ನಿಯ ಆಪೆರಾ ಹೌಸ್ ಎಲ್ಲ ಒಂದೇ ಕಡೆ ಕಾಣುವ, ಜಗತ್ತಿನ ಎಲ್ಲ ನಗರಗಳೂ ಕಲಸಿದಂತಿರುವ ನಗರ ಅದು. ಅಲ್ಲಿ ಒಂದು ಉಗ್ರ ನಾಯಿ ಹಂದಿಮರಿಯನ್ನು ಅಟ್ಟಿಸಿಕೊಂಡು ಬರುತ್ತದೆ. ಸೇತುವೆ ಹಾರುವಾಗ ಅದರ ಸರಪಳಿ ಸಿಕ್ಕಿಕೊಂಡು, ನಾಯಿ ತಲೆಕೆಳಗಾಗಿ ನೇತಾಡುತ್ತಾ ನೀರಿನಲ್ಲಿ ಮುಳುಗತೊಡಗುತ್ತದೆ. ಸುತ್ತ ನೆರೆದ ಪ್ರಾಣಿಗಳೆಲ್ಲ ಸುಮ್ಮನೆ ನೋಡುತ್ತವೆ. ನೀರಿಗೆ ಹಾರುವುದು ಹಂದಿಮರಿಯೊಂದೇ. ತನ್ನನ್ನು ಕೊಲ್ಲಲು ಬಂದದ್ದರ ಕೆಳಗೆ ದೋಣಿಯೊಂದನ್ನು ತಳ್ಳಿ ನಿಲ್ಲಿಸುತ್ತದೆ.

ಮೊದಲ ಚಿತ್ರದಲ್ಲಿ ಹಂದಿಮರಿಯ ಒಳ್ಳೆಯತನಕ್ಕೆ ಬೆಲೆ ತೆರಬೇಕಾದ ಪ್ರಸಂಗ ಹೆಚ್ಚು ಬರುವುದಿಲ್ಲ, ಹೊಲಮನೆಯಲ್ಲಿ ಒಳ್ಳೆಯವನಾಗಿರುವುದು ಅಷ್ಟು ಕಷ್ಟವೂ ಅಲ್ಲ. ಯಾರ ಗುರುತೂ ಇಲ್ಲದ ನಗರದಲ್ಲಿ ಅದೇ ಒಳ್ಳೆಯತನ ಏನಾದೀತು ಎಂದು ನೋಡಲು ಎರಡನೆಯ ಭಾಗವೇ ಬೇಕಾಯಿತು. ಅಮೆರಿಕದ ಹೆಸರಾಂತ ವಿಮರ್ಶಕ ಜೀನ್ ಸಿಸ್ಕೆಲ್ ಈ ಸೋತ ಚಿತ್ರವನ್ನು 1998ರ ಅತ್ಯುತ್ತಮ ಚಿತ್ರವೆಂದು ಆರಿಸಿದಾಗ ನಕ್ಕವರು ಬಹಳ. ನಾನು ಸಿಸ್ಕೆಲ್ ಕಡೆಯವನು.

‘ರಿಟರ್ನ್ ಟು ಆಜ್’ ಎಂಬ 1985ರ ಚಿತ್ರದ್ದೂ ಇದೇ ಪಾಡು. 1939ರ ‘ವಿಜರ್ಡ್ ಆಫ್ ಆಜ್’ನ ಹಾಡು, ಬಣ್ಣಗಳಿಗಾಗಿ ಬಂದವರ ಎದುರು ಹಾಡೇ ಇಲ್ಲದ, ಪಾಳುಬಿದ್ದ ಆಜ್ ನಾಡು ನಿಂತಿತ್ತು. ತಾನು ಕಂಡ ಆ ನಾಡಿನ ಬಗ್ಗೆ ಹುಡುಗಿ ಹೇಳಿದ್ದನ್ನು ಮನೆಯವರು ನಂಬದೆ ವಿದ್ಯುತ್ ಚಿಕಿತ್ಸೆ ಕೊಡಿಸಲು ಒಯ್ಯುವುದರಿಂದ ಕಥೆ ಆರಂಭ! ಇದು ಅತಿಯಾಯಿತು ಎಂದು ನನಗೂ ಅನ್ನಿಸಿದೆ. ಸಂಕಲನ, ಶಬ್ದಗ್ರಹಣಗಳಲ್ಲಿ ಜಗತ್ತೇ ಗುರುವೆನ್ನುವ ವಾಲ್ಟರ್ ಮರ್ಚ್ ನಿರ್ದೇಶಿಸಿದ ಒಂದೇ ಕಥಾಚಿತ್ರವಾಗಿ ಅದು ಉಳಿಯಿತು. ಮಕ್ಕಳಿಗೆ ತೋರಿಸುವ ಮೊದಲು ದೊಡ್ಡವರು ಒಮ್ಮೆ ನೋಡಿ ನಿರ್ಧರಿಸುವುದು ಒಳಿತು. ಆದರೆ ಒಂದು ಮಾತು: ಮಕ್ಕಳು ಹೇಳಿದ್ದನ್ನು ದೊಡ್ಡವರು ನಂಬದಿರುವುದು ರಾಕ್ಷಸರಿಗಿಂತ ಹೆಚ್ಚು ಭಯದ ಸಂಗತಿ ಎಂದು ತಿಳಿದವನು ಮಾತ್ರ ಅಂಥ ಆರಂಭ ಬರೆಯಬಲ್ಲ.

ವೆನಿಸ್‌ನಲ್ಲಿ

ಮತ್ತೆ ಅಪುವಿನ ಕಡೆಗೆ. 1957ರಲ್ಲಿ ‘ಅಪರಾಜಿತೋ’ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು. ಅಲ್ಲಿ ಎದುರಾಳಿಗಳು ಸಾಮಾನ್ಯರಲ್ಲ. ಅಕಿರ ಕುರೊಸಾವ ಇದ್ದ, ವಿಸ್ಕೊಂಟಿ ಇದ್ದ. ತೀರ್ಪುಗಾರರ ಅಧ್ಯಕ್ಷ ಫ್ರಾನ್ಸಿನ ರೆನೆ ಕ್ಲೇರ್. ಮೊದಲ ಬಹುಮಾನವಾದ ಸ್ವರ್ಣಸಿಂಹ ಬಂದದ್ದು ಕಲ್ಕತ್ತೆಯವರು ಬೇಡವೆಂದ ಚಿತ್ರಕ್ಕೆ. ‘ಪಥೇರ್ ಪಾಂಚಾಲಿ’ಗೂ ಕಾನ್‌ನಲ್ಲಿ ಪ್ರಶಸ್ತಿ ಬಂದಿತ್ತು ನಿಜ, ಆದರೆ ಅದು ಅಲ್ಲಿನ ಮೊದಲ ಬಹುಮಾನವಾಗಿರಲಿಲ್ಲ. ವೆನಿಸ್‌ನ ಸ್ವರ್ಣಸಿಂಹ ಮತ್ತೊಮ್ಮೆ ಭಾರತೀಯರ ಕೈಸೇರಲು 2001ರಲ್ಲಿ ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’ವರೆಗೆ ಕಾಯಬೇಕಾಯಿತು.

ವಿದೇಶದ ಪದಕ ಬಂದ ಮಾತ್ರಕ್ಕೆ ಊರಿನವರ ಅಭಿರುಚಿ ತಪ್ಪೆಂದು ಹೇಳುವ ಚಾಳಿ ನನ್ನದಲ್ಲ. ಕಲ್ಕತ್ತೆಯವರಿಗೆ ಚಿತ್ರ ನೋಯಿಸಿತು, ಏಕೆಂದರೆ ಆ ತಾಯಿ ಅವರ ತಾಯಿ. ವೆನಿಸ್‌ನವರಿಗೆ ಅದು ಇನ್ನೊಬ್ಬರ ತಾಯಿಯ ಕಥೆ, ಮೆಚ್ಚುವುದು ಅಷ್ಟರಮಟ್ಟಿಗೆ ಹಗುರ. ಬಂಗಾಳದೊಳಗೂ ಎಲ್ಲರೂ ತಿರಸ್ಕರಿಸಿದರೆಂದಿಲ್ಲ. ರಾಯ್ ಜತೆ ಆಗಾಗ ಪತ್ರಿಕೆಗಳಲ್ಲಿ ಜಗಳವಾಡುತ್ತಿದ್ದ ಮೃಣಾಲ್ ಸೇನ್‌ಗೆ ರಾಯ್ ಚಿತ್ರಗಳಲ್ಲೆಲ್ಲ ಹೆಚ್ಚು ಪ್ರಿಯವಾದದ್ದು ಇದೇ.

ಆ ಸಿಂಹ ಸಿಕ್ಕ ಮೇಲೆ ಅಪುವಿನ ಕಥೆಗೆ ಮತ್ತೆ ಜೀವ ಬಂತು. 1959ರಲ್ಲಿ ‘ಅಪುರ್ ಸಂಸಾರ್’ ತೆರೆಕಂಡಿತು. ಸೌಮಿತ್ರ ಚಟರ್ಜಿ, ಶರ್ಮಿಳಾ ಟಾಗೋರ್ ಇಬ್ಬರಿಗೂ ಅದೇ ಮೊದಲ ಚಿತ್ರ. ಜನ ಮುಗಿಬಿದ್ದು ನೋಡಿದರು. ಅಲ್ಲಿ ಅಪು ತಾನೇ ತಂದೆಯಾಗುತ್ತಾನೆ, ಮತ್ತು ತನ್ನ ಮಗನನ್ನು ವರ್ಷಗಟ್ಟಲೆ ನೋಡದೆ ತಿರುಗುತ್ತಾನೆ. ಅಮ್ಮನ ಮಾತಿನ ನಡುವೆ ನಿದ್ದೆಹೋದ ಹುಡುಗನನ್ನು ನೋಡಿರದಿದ್ದರೆ ಈ ತಂದೆ ನಮಗೆ ಅರ್ಥವಾಗುವುದೇ ಇಲ್ಲ. ಮೊದಲನೆಯದನ್ನೂ ಮೂರನೆಯದನ್ನೂ ಹೊಗಳಿ ನಡುವಿನದನ್ನು ಬಿಡುವುದು, ಮೆಟ್ಟಿಲಿಲ್ಲದೆ ಮಹಡಿ ಹೊಗಳಿದಂತೆ.

1993ರಲ್ಲಿ ಲಂಡನ್ನಿನ ಫಿಲ್ಮ್ ಪ್ರಯೋಗಾಲಯವೊಂದಕ್ಕೆ ಬೆಂಕಿ ಬಿದ್ದಾಗ ಅಪು ಚಿತ್ರಗಳ ಮೂಲ ನೆಗೆಟಿವ್‌ಗಳೂ ಸುಟ್ಟವು. ಕರಕಲಾದ ಸುರುಳಿಗಳನ್ನು ಯಾರೂ ಎಸೆಯಲಿಲ್ಲ. ಇಟಲಿಯ ಬೊಲೊನ್ಯಾದಲ್ಲಿ ನುರಿತವರು ಅವನ್ನು ತಿಂಗಳುಗಟ್ಟಲೆ ಕುಳಿತು ಬಿಡಿಸಿ, ತೇಪೆ ಹಾಕಿ, ಬೇರೆ ಪ್ರತಿಗಳಿಂದ ಉಳಿದದ್ದನ್ನು ತುಂಬಿಸಿದರು. 2015ರಲ್ಲಿ ಮೂರೂ ಚಿತ್ರಗಳು ಹೊಸದಾಗಿ ತೆರೆಯ ಮೇಲೆ ಬಂದವು.

ರೈಲು ತಪ್ಪಿದ ಬೆಳಿಗ್ಗೆ

ನಾನು ‘ಅಪರಾಜಿತೋ’ ಮೊದಲು ನೋಡಿದ್ದು ಹಾಸ್ಟೆಲಿನ ಟಿ.ವಿ. ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಯ ಚಿತ್ರ ಬರುತ್ತಿದ್ದ ಕಾಲದಲ್ಲಿ. ಊಟ ಮುಗಿಸಿ ಬಂದವರಲ್ಲಿ ಅರ್ಧ ಜನ ಗೊರಕೆ ಹೊಡೆಯುತ್ತಿದ್ದರು. ನಾನು ಎಚ್ಚರವಿದ್ದೆ, ಮತ್ತು ಪೂರ್ತಿಯಾಗಿ ಅಪುವಿನ ಪಕ್ಷ. ಈ ಅಮ್ಮ ಯಾಕಿಷ್ಟು ಕಾಡುತ್ತಾಳೆ, ಹುಡುಗ ಓದಿಕೊಳ್ಳಲಿ ಬಿಡಬಾರದೆ ಎಂದುಕೊಂಡೆ. ಆ ವಾರ ಮನೆಗೆ ಬರೆದ ಕಾಗದದಲ್ಲಿ ಕ್ಷೇಮ, ಪರೀಕ್ಷೆ, ಹಣ ಈ ಮೂರು ವಿಷಯ ಬಿಟ್ಟು ನಾಲ್ಕನೆಯದು ಇದ್ದಿರಲಾರದು.

ಈಗ ಮಗಳು ಬೇರೆ ಊರಿನ ವಸತಿ ಕಾಲೇಜಿನಲ್ಲಿದ್ದಾಳೆ. ಕಾಗದದ ಬದಲು ಮೊಬೈಲ್. ಹೇಳುವ ವಿಷಯ ಮಾತ್ರ ಅದೇ ಮೂರು. ಕಳೆದ ರಜೆಯಲ್ಲಿ ಅವಳು ಮನೆಗೆ ಬಂದಾಗ ಮೂವರೂ ಕುಳಿತು ಚಿತ್ರ ನೋಡಿದೆವು. ಎರಡು ಗಂಟೆಯೂ ಇಲ್ಲದ ಚಿತ್ರ. ಈ ಸಲ ನಾನು ಯಾರ ಪಕ್ಷ ಎಂದು ನನಗೇ ತಿಳಿಯಲಿಲ್ಲ.

ಚಿತ್ರದಲ್ಲಿ ಒಂದು ಸಣ್ಣ ಪ್ರಸಂಗವಿದೆ. ರಜೆ ಮುಗಿದು ಅಪು ಕಲ್ಕತ್ತೆಗೆ ಹೊರಡುತ್ತಾನೆ. ನಿಲ್ದಾಣ ತಲುಪುತ್ತಾನೆ. ರೈಲು ಬರುತ್ತದೆ, ಅವನು ನೋಡುತ್ತಾ ನಿಲ್ಲುತ್ತಾನೆ, ಆಮೇಲೆ ತಿರುಗಿ ಮನೆಯತ್ತ ನಡೆಯುತ್ತಾನೆ. ಬಾಗಿಲಲ್ಲಿ ಅವನನ್ನು ಕಂಡ ಅಮ್ಮನ ಮುಖ ಅರಳುತ್ತದೆ. ರೈಲು ತಪ್ಪಿಹೋಯಿತು ಎನ್ನುತ್ತಾನೆ. ಅವಳಿಗೆ ಇನ್ನೊಂದು ದಿನ ಸಿಗುತ್ತದೆ.

ಟಿ.ವಿ. ಆರಿಸಿದ ಮೇಲೆ ಮಗಳು ಕೇಳಿದ್ದು ಒಂದೇ ಪ್ರಶ್ನೆ. ‘ಅವನು ಸುಳ್ಳು ಹೇಳಿದ್ದು ಅಮ್ಮನಿಗೆ ಗೊತ್ತಾಗಿತ್ತಾ?’

ಇಲ್ಲವೆಂದೆ ನಾನು. ನನ್ನ ಹೆಂಡತಿ, ಗೊತ್ತಾಗದೆ ಏನು, ಎಂದಳು. ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆರಡು ಸಲ ನೋಡಿದೆವು. ಇನ್ನೂ ತೀರ್ಮಾನವಾಗಿಲ್ಲ.